ಡಬ್ಬಿಯ ಕಾಳಿನ ಗೊಜ್ಜು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಗೊಜ್ಜು, ತಂಬುಳಿಗಳಿಗೆ ಬರವಿಲ್ಲ. ಡಬ್ಬಿಯಲ್ಲಿ ದೊರೆಯುವ ರಾಜ್ಮಾ ಕಾಳಿನಿಂದಲೂ, ಸವತೆಯ ಹೋಳನ್ನೋ ರೊಟ್ಟಿಯನ್ನೋ ಅದ್ದಿ ತಿನ್ನುವಂಥ ಗೊಜ್ಜೊಂದನ್ನು ಒಲೆ ಹೊತ್ತಿಸದೆಯೇ ಮಾಡಬಹುದು. ಬೇಯಿಸದ ಕಾಳನ್ನು ತಿನ್ನುವುದೆಂತು? ಅದು ಬೆಂದೇ ಇದೆ. ಅದೂ ನಮ್ಮ ಪಾತ್ರೆಗಳಿಗೆ ನಿಲುಕದ ಉಷ್ಣತೆಯಲ್ಲಿ.

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ವಾಯುವಿನ ಒತ್ತಡ ತುಸು ಕಡಿಮೆ. ಆದುದರಿಂದ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಎಷ್ಟು ಸೌದೆ ಒಟ್ಟಿದರೂ ಆ ಅಂಕ ಏರದು. ನೀರು ಬೇಗ ಆವಿಯಾದೀತು, ಅಷ್ಟೆ. ಡಬ್ಬಿಗಳನ್ನಾದರೋ ಬಿಗಿಯಾಗಿ ಮುಚ್ಚಿ, ಒತ್ತಡದ ಉಗಿಯಲ್ಲಿ ಸುಮಾರು 121 ಡಿಗ್ರಿಯವರೆಗೆ ಕಾಯಿಸುತ್ತಾರೆ. ಏಕೆಂದರೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಅಣುಜೀವಿಯ ಬೀಜಾಣುಗಳು ಕುದಿನೀರಿಗೆ ಜಗ್ಗುವುದಿಲ್ಲ. ಗಾಳಿಯಿಲ್ಲದ ಡಬ್ಬಿಯಲ್ಲಿ ಅವು ಮೊಳೆತರೆ ಮಾರಕವಾದ ವಿಷ ಹುಟ್ಟುತ್ತದೆ. 1810ರಲ್ಲಿ ಆಹಾರ ಕೆಡದಂತೆ ಮುಚ್ಚಿಡುವ ವಿಧಾನವನ್ನು ಪ್ರಕಟಿಸಿದ ಫ್ರಾನ್ಸಿನ ನಿಕೊಲಾ ಅಪೇರನಿಗೆ ಈ ಕಾರಣವೇ ತಿಳಿದಿರಲಿಲ್ಲ!

ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಎಂಬ ಸಸಾರಜನಕವುಂಟು. ಚೆನ್ನಾಗಿ ಕುದಿಸಿದರೆ ಮಾತ್ರ ಅದು ನಾಶವಾಗುತ್ತದೆ. 80 ಡಿಗ್ರಿಯ ಮಂದ ಕಾವಿನಲ್ಲಿಟ್ಟರೆ ಅದರ ಉಪದ್ರವ ಹೆಚ್ಚುವುದೂ ಉಂಟು. ಡಬ್ಬಿಯ ಕಾಳಿಗೆ ಆ ಭಯವಿಲ್ಲ.

ಆದರೆ ಉಬ್ಬಿದ ಡಬ್ಬಿಯನ್ನು ತೆರೆಯಲೇಬಾರದು. ರುಚಿ ನೋಡುವ ಮಾತಂತೂ ಬೇಡ. ಸರಿಯಾದ ಡಬ್ಬಿಯ ಕಾಳನ್ನು ನೀರಿನಲ್ಲಿ ತೊಳೆದರೆ ಉಪ್ಪಿನ ಒಂದು ಪಾಲು ಹರಿದುಹೋಗುತ್ತದೆ. ಬಳಿಕ ಬೆಳ್ಳುಳ್ಳಿ, ಹಸಿಮೆಣಸು, ಲಿಂಬೆರಸ, ತುಸುವೇ ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಬೇಕು. ಲಿಂಬೆಗೆ ಬದಲು ಮುರುಗಲ ಹುಳಿಯೂ ಆದೀತು. ಕಾಯಿ ಬಿದ್ದ ಗೊಜ್ಜಾದುದರಿಂದ ಅಂದೇ ತೀರಿಸುವುದು ಲೇಸು.