ದವಡೆಯಿಲ್ಲದ ಮೀನು

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಹಲ್ಲಿದ್ದೂ ದವಡೆಯಿಲ್ಲದ ಜೀವಿಯೊಂದನ್ನು ಗಾದೆ ಕಟ್ಟಿದ ಹಿರಿಯರು ಕಂಡಿರಲಾರರು. ಅದರ ಹೆಸರು ಲ್ಯಾಂಪ್ರೆ. ದವಡೆಯಿಲ್ಲದ ಮೀನುಗಳಲ್ಲಿ ಇಂದು ಉಳಿದಿರುವ ಮನೆತನಗಳು ಎರಡೇ: ಲ್ಯಾಂಪ್ರೆ ಮತ್ತು ಹ್ಯಾಗ್‌ಫಿಶ್.

ಹಾವುಮೀನಿನಂಥ ಮೈ, ಹುರುಪೆಯಿಲ್ಲ, ಮೂಳೆಯಿಲ್ಲ, ಇರುವುದು ಮೃದ್ವಸ್ಥಿಯ ಹಂದರ. ಇಕ್ಕೆಲಗಳಲ್ಲಿ ಏಳೇಳು ಕಿವಿರುರಂಧ್ರಗಳು. ದುಂಡು ಬಟ್ಟಲಿನಂಥ ಬಾಯಿಯಲ್ಲಿ ಸುತ್ತುಸುತ್ತಾಗಿ ಹಲ್ಲುಗಳು. ದಕ್ಷಿಣ ಆಫ್ರಿಕಾದ ಶಿಲೆಯಲ್ಲಿ ದೊರೆತ ಇದರ ಪೂರ್ವಜನಿಗೆ ಸುಮಾರು 36 ಕೋಟಿ ವರ್ಷ ವಯಸ್ಸು.

ಮರಿ ಕುರುಡು. ಹೊಳೆಯ ಹೂಳಿನಲ್ಲಿ ಹುದುಗಿ, ನೀರನ್ನು ಸೋಸಿ ತಿನ್ನುತ್ತ ಹಲವು ವರ್ಷ ಕಳೆಯುತ್ತದೆ. ಅನಂತರ ಕಣ್ಣು, ಹಲ್ಲು ಮೂಡುತ್ತವೆ. ಕಡಲ ಲ್ಯಾಂಪ್ರೆ ಸಮುದ್ರಕ್ಕಿಳಿದು ಅನ್ಯ ಮೀನುಗಳಿಗೆ ಅಂಟಿಕೊಂಡು ರಕ್ತ ಹೀರುತ್ತದೆ. ಕೊನೆಗೆ ಹೊಳೆಗೆ ಬಂದು, ಬಾಯಿಂದಲೇ ಕಲ್ಲು ಸರಿಸಿ ಗೂಡು ಮಾಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಅದು ತವರಿನ ಹೊಳೆಯನ್ನೇ ಅರಸುವುದಿಲ್ಲ. ಹೂಳಿನ ಮರಿಗಳ ವಾಸನೆ ಹಿಡಿದು ನಡೆಯುತ್ತದೆ. ಮರಿಗಳು ಅಳಿದ ಹೊಳೆಗೆ ಹಿರಿಯ ಮೀನು ಬರುವುದೂ ದುರ್ಲಭವೆಂದಾಯಿತು.

ಇದು ಶತ್ರುವೋ ಮಿತ್ರನೋ? ಉತ್ತರ ಅಮೆರಿಕದ ಮಹಾಸರೋವರಗಳಿಗೆ ನಯಾಗರಾ ಜಲಪಾತವೇ ಕೋಟೆಯಾಗಿತ್ತು. ಹಡಗುಗಳಿಗಾಗಿ ತೋಡಿದ ವೆಲೆಂಡ್ ಕಾಲುವೆ ಆ ಕೋಟೆಗೆ ಬಾಗಿಲು ತೆರೆಯಿತು. 1921ರಲ್ಲಿ ಈರಿ ಸರೋವರದಲ್ಲಿ ಕಂಡ ಕಡಲ ಲ್ಯಾಂಪ್ರೆ, 1938ರ ವೇಳೆಗೆ ಸುಪೀರಿಯರ್ ಸರೋವರವನ್ನು ಮುಟ್ಟಿ, ಟ್ರೌಟ್ ಮೀನುಗಾರಿಕೆಯನ್ನು ನೆಲಕಚ್ಚಿಸಿತು. 1958ರಿಂದ ಅಲ್ಲಿ ಮರಿಗಳನ್ನು ಮದ್ದು ಹಾಕಿ ಕೊಲ್ಲುತ್ತಿದ್ದಾರೆ. ಇದೇ ಜಾತಿಗೆ ಯೂರೋಪಿನ ನದಿಗಳಲ್ಲಿ 1992ರ ಕಾನೂನಿನ ರಕ್ಷಣೆಯಿದೆ. ತಪ್ಪು ಮೀನಿನದಲ್ಲ, ಬಾಗಿಲು ತೆರೆದವರದು ಎಂದೇ ನನಗೆ ತೋರುತ್ತದೆ.

ಅಮೆರಿಕದ ಪಶ್ಚಿಮದಲ್ಲಿ ಇನ್ನೊಂದು ಕಥೆ. ಕೊಲಂಬಿಯಾ ನದಿಯ ಮೂಲನಿವಾಸಿಗಳಿಗೆ ಪೆಸಿಫಿಕ್ ಲ್ಯಾಂಪ್ರೆ ಆಹಾರ, ಔಷಧಿ, ಪೂಜ್ಯ ವಸ್ತು. ಅಣೆಕಟ್ಟುಗಳಲ್ಲಿ ಮೀನುಗಳಿಗೆಂದು ಮೆಟ್ಟಿಲುಗಳನ್ನೇನೋ ಕಟ್ಟಿದರು. ಅವು ನೆಗೆಯುವ ಸಾಲ್ಮನ್ ಮೀನಿಗೆ ತಕ್ಕವು. ಲ್ಯಾಂಪ್ರೆ ನೆಗೆಯಲಾರದು. ಬಾಯಿಂದ ಕಚ್ಚಿ, ದಣಿವಾರಿಸಿ, ಮತ್ತೆ ಮೇಲೇರುತ್ತದೆ. ಚೂಪಾದ ಮೂಲೆಗೆ ಬಂದಾಗ ಆ ಹಿಡಿತ ತಪ್ಪುತ್ತದೆ. ಈಗ ಮೂಲೆಗಳನ್ನು ದುಂಡಾಗಿಸುತ್ತಿದ್ದಾರೆ. ನುಣುಪಾದ ಲೋಹದ ಇಳಿಜಾರುಗಳನ್ನು ಹಾಕಿದ್ದಾರೆ. ಯುಮಟಿಲ್ಲಾ, ನೆಜ್ ಪರ್ಸ್, ಯಾಕಮಾ ಜನ ಮೀನುಗಳನ್ನು ತಾವೇ ಹಿಡಿದು, ಅಣೆಕಟ್ಟುಗಳಾಚೆಯ ಉಪನದಿಗಳಿಗೆ ಒಯ್ದು ಬಿಡುತ್ತಿದ್ದಾರೆ.

ಹೀಗೆ ಬಿಟ್ಟ ಮೀನು ಮೊಟ್ಟೆಯಿಟ್ಟು ಸತ್ತರೂ ಮರಿಗಳು ಹೂಳಿನಲ್ಲಿ ಉಳಿಯುತ್ತವೆ. ಅವುಗಳ ವಾಸನೆ ನೀರಿನೊಡನೆ ಕೆಳಗೆ ಹರಿದು, ಇನ್ನೊಂದು ತಲೆಮಾರನ್ನು ಮೇಲಕ್ಕೆ ಕರೆಯುತ್ತದೆ. ಹೊಳೆಗೆ ಆ ಕರೆಯನ್ನು ಮರಳಿ ಕೊಡುವ ಕೆಲಸ ಅವರದು.