ಬೆಕ್ಕಿನ ಶುಗರ್ ಇಳಿದಾಗ: ಮನೆಯಲ್ಲಿ ಮೊದಲ ಇಪ್ಪತ್ತು ನಿಮಿಷ

ಸಕ್ಕರೆ ಕಾಯಿಲೆ ಇರೋ ಬೆಕ್ಕಿಗೆ ಇನ್ಸುಲಿನ್ ಕೊಡೋದು ಹೇಗೆ ಅಂತ ಹೋದ ತಿಂಗಳು ಮಾತಾಡಿದ್ದೆ. ಅದಾದ ಮೇಲೆ ಡೊಂಬಿವಲಿ, ಕಲ್ಯಾಣ್, ಐರೋಲಿ ಕಡೆಯಿಂದ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ: "ಮೀಟರ್‌ನಲ್ಲಿ 350 ತೋರಿಸ್ತಿದೆ, ಡೋಸ್ ಜಾಸ್ತಿ ಮಾಡ್ಲಾ?" ಶುಗರ್ ಇಳಿದರೆ ಏನು ಮಾಡಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ, ಒಂದು ಶನಿವಾರ ರಾತ್ರಿ ಹನ್ನೊಂದೂಮುಕ್ಕಾಲರ ತನಕ.

ನಮ್ಮ ಬೆಕ್ಕಿನ ಹೆಸರು ಬೆಲ್ಲ. ಬಣ್ಣ ನೋಡಿ ಇಟ್ಟ ಹೆಸರು. ಆಮೇಲೆ ಅವನಿಗೇ ಸಕ್ಕರೆ ಕಾಯಿಲೆ ಬಂತು, ಈಗ ನಗೋದೋ ಅಳೋದೋ ಗೊತ್ತಾಗಲ್ಲ. ಒಂಬತ್ತು ವರ್ಷದ ಗಂಡು, ಆಪರೇಷನ್ ಆದವನು, ಫ್ಲ್ಯಾಟ್ ಬಿಟ್ಟು ಹೊರಗೆ ಹೋಗದವನು, ಐದೂವರೆ ಕೆಜಿ. ಬೆಕ್ಕಿನ ಡಯಾಬಿಟಿಸ್ ಹೆಚ್ಚಾಗಿ ಬರೋದು ಇಂಥವರಿಗೇ. ದಿನಕ್ಕೆರಡು ಸಲ, ಬೆಳಿಗ್ಗೆ ಏಳೂವರೆ, ಸಂಜೆ ಏಳೂವರೆ, ಎರಡೆರಡು ಯೂನಿಟ್ ಗ್ಲಾರ್ಜಿನ್.

ಆ ಸಂಜೆ ನಮ್ಮ ಯಜಮಾನರು ಶಿಫ್ಟ್ ಕ್ಯಾಬ್ ಹತ್ತೋ ಮುಂಚೆ ಏಳು ಗಂಟೆಗೇ ಇಂಜೆಕ್ಷನ್ ಕೊಟ್ಟು ಹೋಗಿದ್ದರು. ನಾನು ಮಹಾಪೆಯಿಂದ ಹೊರಟು, ಶಿಳ್‌ಫಾಟಾದಲ್ಲಿ ಸಿಕ್ಕಿಹಾಕ್ಕೊಂಡು, ಎಂಟು ಗಂಟೆಗೆ ಮನೆಗೆ ಬಂದು, "ಅಯ್ಯೋ ಲೇಟ್ ಆಯ್ತಲ್ಲ" ಅಂತ ಬ್ಯಾಗ್ ಕೆಳಗಿಟ್ಟು ನಾನೂ ಕೊಟ್ಟೆ. ಎರಡು ಯೂನಿಟ್ ಹೋಗಬೇಕಾದ ಕಡೆ ನಾಲ್ಕು. ಇಬ್ಬರೂ ಪ್ರೀತಿಯಿಂದಲೇ ಕೊಟ್ಟಿದ್ದು.

ರಾತ್ರಿ ನೋಡಿದರೆ ಬೆಲ್ಲ ಕುಡಿದವರ ಥರ ನಡೀತಿದ್ದ. ಹಿಂಗಾಲು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ. ಕಣ್ಣಿನ ಪಾಪೆ ಪೂರ್ತಿ ಅರಳಿತ್ತು. ನಾನು ಎಲ್ಲೋ ಬಿದ್ದು ಕಾಲು ಉಳುಕಿಸಿಕೊಂಡಿದಾನೆ ಅಂದುಕೊಂಡೆ. ಕಂಡುಹಿಡಿದವರು ನಮ್ಮತ್ತೆ. ದಾವಣಗೆರೆಯಿಂದ ಬಂದಿದ್ದರು, ಹದಿನೈದು ವರ್ಷದಿಂದ ಅವರಿಗೂ ಶುಗರ್. ಹಾಸಿಗೆಯಿಂದ ಎದ್ದು ಬಂದು ಒಂದು ಸಲ ನೋಡಿದ್ದಷ್ಟೇ. "ಇದು ನಂಗೆ ಆಗೋ ಥರಾನೇ ಐತಲ್ಲಮ್ಮ. ಶುಗರ್ ಇಳಿದೈತೆ. ಮೊದಲು ಜೇನುತುಪ್ಪ ತಗಂಬಾ" ಅಂದರು. ಅವರದ್ದೇ ಮೀಟರ್‌ನಲ್ಲಿ ಕಿವಿ ಚುಚ್ಚಿ ನೋಡಿದ್ವಿ. 38.

ಈಗ ವಿಷಯಕ್ಕೆ ಬರ್ತೀನಿ. ಶುಗರ್ 350 ಇರೋ ಬೆಕ್ಕು ಚೆನ್ನಾಗಿ ತಿಂತಾ ಓಡಾಡ್ತಾ ಇದ್ರೆ ಡಾಕ್ಟರನ್ನ ನಾಳೆ ಕೇಳಬಹುದು. (ಜಾಸ್ತಿ ಶುಗರ್ ಜೊತೆ ವಾಂತಿ ಮಾಡ್ಕೊಂಡು ತಿನ್ನದೆ ಮಲಗಿದ್ರೆ ಅದು ಬೇರೆ ಮಾತು, ಅವತ್ತೇ ಆಸ್ಪತ್ರೆ.) 35 ಇರೋ ಬೆಕ್ಕಿಗೆ ನಾಳೆ ಅನ್ನೋದಿಲ್ಲ. ಮೆದುಳು ನಡೆಯೋದು ಗ್ಲೂಕೋಸ್ ಮೇಲೆ. ಅದು ತನಗೆ ಬೇಕಾದ್ದನ್ನ ಕೂಡಿಟ್ಟುಕೊಳ್ಳಲ್ಲ, ರಕ್ತದಲ್ಲಿ ಬಂದಷ್ಟೇ. ಅದು ನಿಂತರೆ ಮೊದಲು ತಬ್ಬಿಬ್ಬು, ಆಮೇಲೆ ತೂರಾಟ, ನಡುಕ, ಫಿಟ್ಸ್, ಕೊನೆಗೆ ಪ್ರಜ್ಞೆ ಇಲ್ಲ. ಕೆಲವು ಬೆಕ್ಕುಗಳಲ್ಲಿ ಶುರುವಿನ ಲಕ್ಷಣ ಅಂದ್ರೆ ವಿಪರೀತ ಹಸಿವು, ಅಡುಗೆಮನೆಗೆ ಬಂದು ಬಂದು ಕೂಗೋದು. ಇನ್ನು ಕೆಲವು ಏನೂ ತೋರಿಸಲ್ಲ, ಮೂಲೆಯಲ್ಲಿ ಸುಮ್ಮನೆ ಕೂತಿರುತ್ತವೆ. ಬೆಕ್ಕು ಸುಮ್ಮನೆ ಕೂತರೆ ಯಾರು ಅನುಮಾನ ಪಡ್ತಾರೆ ಹೇಳಿ.

ಆಸ್ಪತ್ರೆ ಇಲ್ವಾ ಅಂದ್ರೆ, ಇದೆ. ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ಆಸ್ಪತ್ರೆ ನೂರಮೂವತ್ತು ವರ್ಷಕ್ಕಿಂತ ಹಳೇದು. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನವರ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಶುರುವಾಗಿದೆ. ಆದರೆ ಡೊಂಬಿವಲಿಯಿಂದ ನಡುರಾತ್ರಿ ಲೋಕಲ್ ಇಲ್ಲ, ಕ್ಯಾಬ್ ಸಿಕ್ಕಿ ಅಲ್ಲಿಗೆ ಮುಟ್ಟೋಕೆ ಗಂಟೆ ಮೇಲೇ ಬೇಕು. ಕಲ್ಯಾಣದವರಿಗೆ ಇನ್ನೂ ದೂರ. ಥಾಣೆಯಲ್ಲಿದ್ದೀವಲ್ಲ ಅಂತ ಘೋಡ್‌ಬಂದರ್ ರೋಡಿನವರೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ, ಆ ರೋಡು ನಿಮಗೇ ಗೊತ್ತು. ಅಷ್ಟು ಹೊತ್ತು ಮೆದುಳು ಕಾಯಲ್ಲ. ಹಾಗಾಗಿ ಮೊದಲ ಕೆಲಸ ಮನೆಯಲ್ಲೇ ಆಗಬೇಕು, ಆಟೋ ಕರೆಯೋದು ಆಮೇಲೆ.

ಬೆಕ್ಕಿಗೆ ಎಚ್ಚರ ಇದೆ, ನುಂಗುತ್ತೆ ಅಂದ್ರೆ ಊಟ ಇಡಿ. ಯಾವ ಊಟಾನೂ ಆಗುತ್ತೆ, ಆ ಹೊತ್ತಲ್ಲಿ ಪಥ್ಯ ನೋಡಬೇಡಿ. ತೂರಾಡ್ತಾ ಇದ್ರೆ, ತಿನ್ನದಿದ್ರೆ, ಜೇನುತುಪ್ಪ ಅಥವಾ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ಪುಡಿ, ಅರ್ಧದಿಂದ ಒಂದು ಟೀ ಚಮಚ, ಸ್ವಲ್ಪಸ್ವಲ್ಪವಾಗಿ ಒಸಡಿಗೆ, ತುಟಿಯ ಒಳಭಾಗಕ್ಕೆ ಬೆರಳಿಂದ ಸವರಿ. ಗ್ಲೂಕೋನ್-ಡಿ ಆದ್ರೆ ಸಾದಾ ಇರೋದು, ಆರೆಂಜ್ ಫ್ಲೇವರ್ ಬೇಡ. ಎರಡೂ ಇಲ್ಲದಿದ್ರೆ ಸಕ್ಕರೆ ಪಾಕ. ಶುಗರ್ ಇರೋರ ಮನೆಯಲ್ಲಿ ಶುಗರ್‌ಫ್ರೀ ಡಬ್ಬಿ ಕೈಗೆ ಮೊದಲು ಸಿಗುತ್ತೆ, ನಾನೂ ಅದನ್ನೇ ಹಿಡ್ಕೊಂಡು ಬಂದಿದ್ದೆ, ಅತ್ತೆ ಕೈಯಿಂದ ಕಿತ್ತುಕೊಂಡರು. ಅದರಿಂದ ಪ್ರಯೋಜನ ಇಲ್ಲ.

ಫಿಟ್ಸ್ ಬರ್ತಿದ್ರೆ ಬಾಯೊಳಗೆ ಏನೂ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗುತ್ತೆ. ಹಲ್ಲಿನ ನಡುವೆ ಬೆರಳು ಇಡಬೇಡಿ, ಆ ಹೊತ್ತಲ್ಲಿ ಅದಕ್ಕೆ ನೀವು ಯಾರಂತ ಗೊತ್ತಿರಲ್ಲ, ಕಚ್ಚಿದ್ರೆ ಮೂಳೆ ತನಕ. ತುಟಿಯ ಹೊರಪಕ್ಕದಿಂದ ಒಸಡಿಗೆ ಸವರಿ, ಟವೆಲ್‌ನಲ್ಲಿ ಸುತ್ತಿ, ಹೊರಡಿ. ಒಬ್ಬರು ಗಾಡಿ ಓಡಿಸಲಿ, ಇನ್ನೊಬ್ಬರು ದಾರಿಯಲ್ಲೂ ಸವರ್ತಾ ಇರಲಿ.

ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ನಮ್ಮ ಬೆಲ್ಲನದು 64ಕ್ಕೆ ಬಂತು, ಎದ್ದು ಕೂತ, ಮೈ ನೆಕ್ಕಿಕೊಂಡ. ಅಬ್ಬಾ ಮುಗೀತು ಅಂತ ನಾನು ಮಲಗೋಕೆ ಹೊರಟಿದ್ದೆ. ಹೆಚ್ಚಿನವರು ತಪ್ಪು ಮಾಡೋದು ಇಲ್ಲೇ. ಜೇನುತುಪ್ಪ ಕೆಲಸ ಮಾಡೋದು ಸ್ವಲ್ಪ ಹೊತ್ತು, ಗ್ಲಾರ್ಜಿನ್ ಕೆಲಸ ಮಾಡೋದು ಹತ್ತು ಹನ್ನೆರಡು ಗಂಟೆ, ಕೆಲವು ಬೆಕ್ಕಲ್ಲಿ ಇನ್ನೂ ಜಾಸ್ತಿ. ಜೇನಿನ ಬೆನ್ನಿಗೇ ಊಟ ಹೋಗಲೇಬೇಕು. ಆಮೇಲೂ ಗಂಟೆಗೊಂದು ಸಲ ನೋಡ್ತಾ ಇರಬೇಕು. ಮೂರು ಗಂಟೆಗೆ ನೋಡಿದಾಗ ಮತ್ತೆ 47. ಮತ್ತೆ ಜೇನು, ಮತ್ತೆ ಊಟ. ಫೋನ್‌ನಲ್ಲಿ ಸಿಕ್ಕ ಡಾಕ್ಟರ್ ಬೆಳಿಗ್ಗೆ ಮೊದಲ ಕೆಲಸ ಕರ್ಕೊಂಡು ಬನ್ನಿ ಅಂದರು, ಸಂಜೆ ತನಕ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿ ಇಟ್ಟುಕೊಂಡರು. ಮನೆಯಲ್ಲಿ ಚೇತರಿಸಿಕೊಂಡರೂ ಡಾಕ್ಟರಿಗೆ ತೋರಿಸಬೇಕು, ಅವರ ಹತ್ತಿರ ಮಾತಾಡದೆ ಮುಂದಿನ ಇನ್ಸುಲಿನ್ ಕೊಡಬಾರದು. ಇನ್ನೊಂದು, ಹೀಗೆ ಇಳಿದ ಮೇಲೆ ದೇಹ ಲಿವರ್‌ನಲ್ಲಿರೋ ದಾಸ್ತಾನು ಬಿಚ್ಚುತ್ತೆ. ಮರುದಿನ 400 ತೋರಿಸಬಹುದು. ಅದನ್ನ ನೋಡಿ ಡೋಸ್ ಏರಿಸಿದ್ರೆ ಅದೇ ಕಥೆ ಮತ್ತೆ.

ನಂಬರ್ ವಿಚಾರದಲ್ಲಿ ಒಂದು ಗೊಂದಲ ಇದೆ. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸ್ವಲ್ಪ ಕಡಿಮೆ ತೋರಿಸುತ್ತೆ, ಯಾಕಂದ್ರೆ ಗ್ಲೂಕೋಸ್ ಕೆಂಪು ಕಣಗಳಲ್ಲಿ ಎಷ್ಟು, ಹೊರಗಿನ ನೀರಲ್ಲಿ ಎಷ್ಟು ಅನ್ನೋ ಲೆಕ್ಕ ಬೆಕ್ಕಲ್ಲಿ ಬೇರೆ. ನಮ್ಮ ಡಾಕ್ಟರ್ ಬರೆದುಕೊಟ್ಟಿದ್ದು ಹೀಗೆ: ಮನುಷ್ಯರ ಮೀಟರ್‌ನಲ್ಲಿ 50ಕ್ಕಿಂತ ಕೆಳಗೆ, ಪ್ರಾಣಿಗಳ ಮೀಟರ್‌ನಲ್ಲಿ 70ರ ಕೆಳಗೆ ಬಂದರೆ ಬೆಕ್ಕು ಚೆನ್ನಾಗೇ ಕಂಡರೂ ಊಟ ಕೊಟ್ಟು ಫೋನ್ ಮಾಡಿ. ನಿಮ್ಮ ಡಾಕ್ಟರ ಹತ್ತಿರ ನಿಮ್ಮ ಗೆರೆ ಕೇಳಿ ಬರೆಸಿಕೊಳ್ಳಿ. ಮೀಟರ್ ಕೆಟ್ಟಿದ್ರೆ, ಸ್ಟ್ರಿಪ್ ಮುಗಿದಿದ್ರೆ, ಲಕ್ಷಣ ಇದ್ರೆ ಸಾಕು, ಜೇನು ಸವರಿ. ಶುಗರ್ ಜಾಸ್ತಿ ಇದ್ದ ಬೆಕ್ಕಿಗೆ ತಪ್ಪಿ ಒಂದು ಚಮಚ ಜೇನು ಹೋದರೆ ಏನೂ ಆಗಲ್ಲ.

ಚುಚ್ಚೋದು ಕಿವಿಯ ಅಂಚಿಗೆ. ಅಂಚಿನ ಉದ್ದಕ್ಕೂ ಒಂದು ಸಣ್ಣ ನರ ಹೋಗಿರುತ್ತೆ, ಅದರ ಪಕ್ಕ. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಹಿಡಿದು ಕಿವಿ ಬೆಚ್ಚಗೆ ಮಾಡಿ, ಹಿಂದೆ ಹತ್ತಿ ಇಟ್ಟು ಚುಚ್ಚಿ. ಒಂಚೂರು ವ್ಯಾಸಲೀನ್ ಸವರಿದ್ರೆ ರಕ್ತ ಹರಡದೆ ಹನಿಯಾಗಿ ನಿಲ್ಲುತ್ತೆ. ಮೊದಲ ವಾರ ಇಬ್ಬರೂ ಬೆವರ್ತೀರಿ, ಆಮೇಲೆ ಬೆಕ್ಕು ನಿದ್ದೆ ಮಾಡ್ತಾನೇ ಚುಚ್ಚಿಸಿಕೊಳ್ಳುತ್ತೆ.

ಶುಗರ್ ಇಳಿಯೋದು ಯಾಕೆ ಅನ್ನೋದು ಇದಕ್ಕಿಂತ ಮುಖ್ಯ. ನಮ್ಮದು ಡಬಲ್ ಡೋಸ್. ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸೋದು ಸಿರಿಂಜ್. ಮೆಡಿಕಲ್ ಶಾಪ್‌ನಲ್ಲಿ ಇನ್ಸುಲಿನ್ ಸಿರಿಂಜ್ ಕೇಳಿದ್ರೆ "ಚಾಲೀಸ್‌ವಾಲಾ ಯಾ ಸೌವಾಲಾ?" ಅಂತಾರೆ. ಅದು ಸುಮ್ಮನೆ ಕೇಳೋ ಪ್ರಶ್ನೆ ಅಲ್ಲ. ನಮ್ಮ ದೇಶದಲ್ಲಿ ವಯಲ್‌ನಲ್ಲಿ ಬರೋ ಸಾಮಾನ್ಯ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್, ಅದರ ಸಿರಿಂಜ್‌ಗೆ ಕೆಂಪು ಟೋಪಿ. ಗ್ಲಾರ್ಜಿನ್, ಅಂದ್ರೆ ಲ್ಯಾಂಟಸ್, ಬೇಸಲಾಗ್ ಥರದ್ದು, ಮಿಲಿಗೆ 100 ಯೂನಿಟ್, ಸಿರಿಂಜ್‌ಗೆ ಕಿತ್ತಳೆ ಟೋಪಿ. 100ರ ಔಷಧಿಯನ್ನ ಕೆಂಪು ಟೋಪಿ ಸಿರಿಂಜ್‌ನಲ್ಲಿ ಒಂದು ಗೆರೆ ಎಳೆದ್ರೆ ಒಂದು ಯೂನಿಟ್ ಅಲ್ಲ, ಎರಡೂವರೆ ಯೂನಿಟ್ ಹೋಗುತ್ತೆ. ಎಪ್ಪತ್ತು ಕೆಜಿ ಮನುಷ್ಯನಿಗೇ ಅದು ತಪ್ಪು, ಐದು ಕೆಜಿ ಬೆಕ್ಕಿಗೆ ಕೇಳಬೇಕಾ? ಮನೆಯಲ್ಲಿ ಅಪ್ಪನದೋ ಅತ್ತೆಯದೋ 40ರ ಸಿರಿಂಜ್ ಇದ್ರೆ ಬೆಕ್ಕಿನದನ್ನ ಬೇರೆ ಡಬ್ಬಿಯಲ್ಲಿಡಿ. ನಮ್ಮಲ್ಲಿ ಬೆಲ್ಲನ ಸಿರಿಂಜ್ ಈಗ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ.

ಇಂಜೆಕ್ಷನ್ ಚರ್ಮದೊಳಗೆ ಹೋಯ್ತೋ, ಬರೀ ಕೂದಲಿಗೆ ಹೋಯ್ತೋ ಅನುಮಾನ ಬಂದ್ರೆ ಇನ್ನೊಂದು ಕೊಡಬೇಡಿ. ಒಂದು ಹೊತ್ತು ತಪ್ಪಿದ್ರೆ ಶುಗರ್ ಸ್ವಲ್ಪ ಏರುತ್ತೆ, ಅಷ್ಟೇ. ಬೆಕ್ಕು ತಿಂದಿಲ್ಲ, ತಿಂದಿದ್ದು ವಾಂತಿ ಆಯ್ತು ಅಂದ್ರೂ ಕೊಡೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿ.

ನಮ್ಮವರ ಮನೆಗಳಲ್ಲಿ ಇನ್ನೊಂದು ಕಾರಣ ಇದೆ, ಮೊಸರನ್ನ. ನಗಬೇಡಿ. ಬೆಲ್ಲ ಬೆಳೆದಿದ್ದೇ ಮೊಸರನ್ನ, ಹಾಲು, ಅಗ್ಗದ ಒಣ ಕಾಳಿನ ಮೇಲೆ. ಸಸ್ಯಾಹಾರಿ ಮನೆ, ಬೇರೇನು ಹಾಕೋದು? ಕಾಯಿಲೆ ಗೊತ್ತಾದ ಮೇಲೆ ಡಾಕ್ಟರ್ ವೆಟ್ ಫುಡ್‌ಗೆ ಬದಲಾಯಿಸಿ ಅಂತಾರೆ, ಸರಿಯಾದ ಮಾತೇ. ಬೆಕ್ಕು ಮಾಂಸ ತಿನ್ನೋ ಪ್ರಾಣಿ. ಆದರೆ ಅನ್ನ ನಿಲ್ಲಿಸಿದ ತಕ್ಷಣ ರಕ್ತಕ್ಕೆ ಬರೋ ಸಕ್ಕರೆ ಇಳಿಯುತ್ತೆ, ಇನ್ಸುಲಿನ್ ಮಾತ್ರ ಹಳೇ ಲೆಕ್ಕದಲ್ಲೇ ಹೋಗ್ತಾ ಇರುತ್ತೆ. ಊಟ ಬದಲಾಯಿಸೋ ವಾರ ಡಾಕ್ಟರಿಗೆ ಹೇಳಿ ದಿನಾ ಕಿವಿ ಚುಚ್ಚಿ ನೋಡಲೇಬೇಕು. ಒಸಡಿಗೋ ತುರಿಕೆಗೋ ಕೊಡ್ತಿದ್ದ ಸ್ಟೀರಾಯ್ಡ್ ನಿಲ್ಲಿಸಿದಾಗಲೂ ಇದೇ ಆಗುತ್ತೆ.

ಕೊನೇ ಕಾರಣ ಒಳ್ಳೇದು. ಬೆಕ್ಕಿಗೆ ವಾಸಿ ಆಗ್ತಿರಬಹುದು. ಮನುಷ್ಯರಿಗಿಂತ, ನಾಯಿಗಿಂತ ಬೆಕ್ಕಿನ ಹಣೆಬರಹ ಇಲ್ಲಿ ಚೆನ್ನಾಗಿದೆ. ರೂಂಪ್ ಮತ್ತು ರಾಂಡ್ ಅನ್ನೋ ಸಂಶೋಧಕರ ಅಧ್ಯಯನ 2009ರಲ್ಲಿ ಬಂತು. ಮನೆಯಲ್ಲೇ ರಕ್ತ ನೋಡಿ ಗ್ಲಾರ್ಜಿನ್ ಹೊಂದಿಸಿದ 55 ಬೆಕ್ಕುಗಳಲ್ಲಿ ಶೇ. 64 ಇನ್ಸುಲಿನ್ ಬಿಟ್ಟು ಬದುಕಿದವು. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಶುರು ಮಾಡಿದವುಗಳಲ್ಲಿ ಶೇ. 84. ಮನೆಯಲ್ಲಿ ಅಳತೆ ಮಾಡದವರಿಗೆ ಈ ಶುಭ ಸುದ್ದಿ ಮುಟ್ಟೋದೇ ಫಿಟ್ಸ್ ರೂಪದಲ್ಲಿ. ಪ್ಯಾಂಕ್ರಿಯಾಸ್ ಮತ್ತೆ ಕೆಲಸ ಶುರು ಮಾಡಿರುತ್ತೆ, ನಾವು ಮೇಲಿಂದ ಎರಡು ಯೂನಿಟ್ ಸುರೀತಾ ಇರ್ತೀವಿ. ಬೆಲ್ಲನಿಗೂ ಎರಡರಿಂದ ಒಂದೂವರೆ, ಒಂದು ಅಂತ ಇಳೀತಾ ಬಂತು. ಈಗ ಅರ್ಧ ಯೂನಿಟ್‌ನಲ್ಲಿದ್ದಾನೆ, ನೋಡೋಣ.

ನಮ್ಮ ಫ್ರಿಜ್ ಬಾಗಿಲ ಮೇಲೆ ಈಗ ಒಂದು ಕ್ಯಾಲೆಂಡರ್ ಇದೆ. ಕೊಟ್ಟವರು ಟೈಮ್ ಬರೆದು ಸಹಿ ಹಾಕಬೇಕು, ಸಹಿ ನೋಡದೆ ಬಾಟಲಿ ಮುಟ್ಟೋ ಹಾಗಿಲ್ಲ. ಆಫೀಸಲ್ಲಿ ಶಿಫ್ಟ್ ಹ್ಯಾಂಡೋವರ್ ಮಾಡ್ತೀವಲ್ಲ, ಅದೇ. ಪಕ್ಕದಲ್ಲಿ ಒಂದು ಜೇನಿನ ಬಾಟಲಿ, ರಾತ್ರಿ ಫೋನ್ ಎತ್ತೋ ಎರಡು ಕ್ಲಿನಿಕ್‌ನ ನಂಬರ್. ಆ ನಂಬರ್ ಹಗಲಲ್ಲೇ ಹುಡುಕಿ, ರಾತ್ರಿ ನಿಜವಾಗಲೂ ತೆಗೆದಿರ್ತೀರಾ, ಡ್ರಿಪ್ ಹಾಕ್ತೀರಾ ಅಂತ ಕೇಳಿ ಇಟ್ಟುಕೊಳ್ಳಿ.

ದೀಪಾವಳಿಗೆ ಊರಿಗೆ ಹೋಗುವಾಗ ಬೆಕ್ಕನ್ನ ಯಾರ ಹತ್ತಿರ ಬಿಡೋದು ಅಂತ ಇಬ್ಬರು ಕೇಳಿದ್ರಿ. ನಾವು ಪಕ್ಕದ ಮನೆ ಕಾಕೂ ಹತ್ತಿರ ಬಿಡ್ತೀವಿ. ಎರಡು ದಿನ ಮುಂಚೆ ಅವರ ಕೈಯಲ್ಲೇ ಇಂಜೆಕ್ಷನ್ ಕೊಡಿಸಿ, ಒಸಡಿಗೆ ಜೇನು ಸವರೋದನ್ನೂ ಮಾಡಿಸಿ ನೋಡ್ತೀನಿ. ಉದ್ದದ ಸೂಚನೆ ಯಾರೂ ಓದಲ್ಲ, ಅದಕ್ಕೆ ಇನ್ಸುಲಿನ್ ಡಬ್ಬಿ ಮೇಲೆ ಮರಾಠಿಯಲ್ಲಿ ಒಂದೇ ಸಾಲು ಬರೆದು ಅಂಟಿಸಿದೀನಿ: "ಖಾಲ್ಲಂ ನಾಹೀ ತರ್ ಇಂಜೆಕ್ಷನ್ ನಾಹೀ, ಆಧೀ ಫೋನ್ ಕರಾ."