ಫ್ರೇಸಲ್ ವರ್ಬ್ (ಇಂಗ್ಲಿಷ್ ವ್ಯಾಕರಣ)

ಇಂಗ್ಲಿಷ್ ಭಾಷೆಯಲ್ಲಿ ಕ್ರಿಯಾಪದವೊಂದು ಪ್ರಿಪೊಸಿಷನ್ (ಸಂಬಂಧಸೂಚಕ ಅವ್ಯಯ) ಅಥವಾ ಆಡ್‌ವರ್ಬ್ (ಕ್ರಿಯಾವಿಶೇಷಣ) ಜೊತೆ ಕೂಡಿ ಒಂದೇ ಅರ್ಥವನ್ನು ಕೊಡುವ ಪದಪುಂಜವನ್ನು ಫ್ರೇಸಲ್ ವರ್ಬ್ ಎಂದು ಕರೆಯುತ್ತಾರೆ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಆದರೆ ‘ಗಿವ್ ಅಪ್’ ಎಂದರೆ ಕೈಬಿಡು, ತ್ಯಜಿಸು. ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಇಡಿಯ ಅರ್ಥ ದೊರೆಯದಿರುವುದು ಇಂತಹ ಅನೇಕ ಪ್ರಯೋಗಗಳ ಲಕ್ಷಣ. ಕೆಲವು ವ್ಯಾಕರಣಕಾರರು ಆಡ್‌ವರ್ಬ್ ಕೂಡಿದ ರೂಪಗಳನ್ನು ಮಾತ್ರ ಈ ಹೆಸರಿನಿಂದ ಕರೆದು, ಉಳಿದವನ್ನು ‘ಪ್ರಿಪೊಸಿಷನಲ್ ವರ್ಬ್’ ಎಂದು ಬೇರ್ಪಡಿಸುತ್ತಾರೆ.

ಇತಿಹಾಸ

ಹಳೆಯ ಇಂಗ್ಲಿಷಿನಲ್ಲಿ ಇಂತಹ ಅವ್ಯಯಗಳು ಹೆಚ್ಚಾಗಿ ಕ್ರಿಯಾಪದದ ಹಿಂದೆಯೇ ಅಂಟಿಕೊಂಡು ಬರುತ್ತಿದ್ದವು. ‘ಓವರ್‌ಕಮ್’ (ಜಯಿಸು), ‘ವಿತ್‌ಸ್ಟ್ಯಾಂಡ್’ (ಎದುರಿಸಿ ನಿಲ್ಲು) ಮುಂತಾದ ಶಬ್ದಗಳು ಆ ಪದ್ಧತಿಯ ಉಳಿಕೆಗಳು. ‘ವಿತ್‌ಸ್ಟ್ಯಾಂಡ್’ ಪದದಲ್ಲಿರುವ ‘ವಿತ್’ಗೆ ಇಂದಿನ ‘ಜೊತೆ’ ಎಂಬ ಅರ್ಥವಿಲ್ಲ. ‘ವಿರುದ್ಧ’ ಎಂಬ ಹಳೆಯ ಅರ್ಥವಿದೆ. ಕಾಲಕ್ರಮದಲ್ಲಿ ಅವ್ಯಯವು ಕ್ರಿಯಾಪದದ ನಂತರ ಬರುವ ರೂಢಿ ಬಲವಾಯಿತು.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ನಿಘಂಟಿನ ಮುನ್ನುಡಿಯಲ್ಲಿ, ವಿದೇಶೀಯರಿಗೆ ಅತ್ಯಂತ ಕಷ್ಟವಾಗುವ ಭಾಗ ಇದೆಂದು ಗುರುತಿಸಿದ್ದನು. ‘ಫ್ರೇಸಲ್ ವರ್ಬ್’ ಎಂಬ ಪಾರಿಭಾಷಿಕ ಪದವನ್ನು ಲೋಗನ್ ಪಿಯರ್ಸಾಲ್ ಸ್ಮಿತ್ 1925ರ ತನ್ನ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಗ್ರಂಥದಲ್ಲಿ ಬಳಸಿದನು.

ರಚನೆಯ ವಿಧಗಳು

1. ಕ್ರಿಯಾಪದ + ಪ್ರಿಪೊಸಿಷನ್: ‘ಲುಕ್ ಆಫ್ಟರ್’ (ನೋಡಿಕೊಳ್ಳು), ‘ಲುಕ್ ಫಾರ್’ (ಹುಡುಕು), ‘ಲುಕ್ ಇಂಟು’ (ಪರಿಶೀಲಿಸು). ಇಲ್ಲಿ ಕರ್ಮಪದವು ಯಾವಾಗಲೂ ಕೊನೆಗೆ ಬರುತ್ತದೆ: ‘ಲುಕ್ ಆಫ್ಟರ್ ಹರ್’.

2. ಕ್ರಿಯಾಪದ + ಆಡ್‌ವರ್ಬ್: ‘ಟರ್ನ್ ಆಫ್’ (ಆರಿಸು), ‘ಪುಟ್ ಆಫ್’ (ಮುಂದೂಡು), ‘ಲುಕ್ ಅಪ್’ (ನಿಘಂಟಿನಲ್ಲಿ ಪದವನ್ನು ಹುಡುಕಿ ನೋಡು). ಇಲ್ಲಿ ಕರ್ಮಪದವು ನಾಮಪದವಾಗಿದ್ದರೆ ಎರಡು ಸ್ಥಾನಗಳೂ ಸರಿ: ‘ಟರ್ನ್ ಆಫ್ ದ ಲೈಟ್’, ‘ಟರ್ನ್ ದ ಲೈಟ್ ಆಫ್’. ಸರ್ವನಾಮವಾಗಿದ್ದರೆ ಅದು ನಡುವೆಯೇ ಬರಬೇಕು. ‘ಟರ್ನ್ ಇಟ್ ಆಫ್’ ಸರಿ. ‘ಟರ್ನ್ ಆಫ್ ಇಟ್’ ತಪ್ಪು.

3. ಕ್ರಿಯಾಪದ + ಆಡ್‌ವರ್ಬ್ + ಪ್ರಿಪೊಸಿಷನ್: ‘ಪುಟ್ ಅಪ್ ವಿತ್’ (ಸಹಿಸಿಕೊಳ್ಳು), ‘ಲುಕ್ ಡೌನ್ ಆನ್’ (ಕೀಳಾಗಿ ಕಾಣು), ‘ಲುಕ್ ಫಾರ್ವರ್ಡ್ ಟು’ (ಸಂತೋಷದಿಂದ ಎದುರುನೋಡು).

ಕರ್ಮಪದವಿಲ್ಲದೆ ಅಕರ್ಮಕವಾಗಿ ಬರುವ ರೂಪಗಳೂ ಉಂಟು: ‘ಗೆಟ್ ಅಪ್’ (ಏಳು), ‘ಬ್ರೇಕ್ ಡೌನ್’ (ಕೆಟ್ಟು ನಿಲ್ಲು).

ಒಂದೇ ಅವ್ಯಯವು ಒಂದೆಡೆ ಪ್ರಿಪೊಸಿಷನ್ ಆಗಿಯೂ ಇನ್ನೊಂದೆಡೆ ಆಡ್‌ವರ್ಬ್ ಆಗಿಯೂ ಬರಬಹುದು. ‘ರನ್ ಅಪ್ ಎ ಹಿಲ್’ ಎಂದರೆ ಗುಡ್ಡವನ್ನು ಓಡುತ್ತ ಹತ್ತು. ‘ರನ್ ಅಪ್ ಎ ಬಿಲ್’ ಎಂದರೆ ಬಾಕಿ ಬೆಳೆಸು. ನೋಟಕ್ಕೆ ಎರಡೂ ಒಂದೇ. ಸರ್ವನಾಮವನ್ನು ಇಟ್ಟು ನೋಡಿದಾಗ ಭೇದ ತಿಳಿಯುತ್ತದೆ: ಗುಡ್ಡಕ್ಕೆ ‘ರನ್ ಅಪ್ ಇಟ್’, ಬಾಕಿಗೆ ‘ರನ್ ಇಟ್ ಅಪ್’. ಉಚ್ಚಾರಣೆಯಲ್ಲಿ ಆಡ್‌ವರ್ಬ್ ಮೇಲೆ ಸಾಮಾನ್ಯವಾಗಿ ಒತ್ತು ಬೀಳುತ್ತದೆ. ಪ್ರಿಪೊಸಿಷನ್ ಹೆಚ್ಚಾಗಿ ಒತ್ತಿಲ್ಲದೆ ಸಾಗುತ್ತದೆ.

ಅವ್ಯಯಗಳ ಅರ್ಥ

ಈ ಪದಪುಂಜಗಳು ಪೂರ್ಣವಾಗಿ ನಿಯಮರಹಿತವಲ್ಲ. ಕೆಲವು ಅವ್ಯಯಗಳು ಹಲವು ಕ್ರಿಯಾಪದಗಳೊಡನೆ ಒಂದೇ ಬಗೆಯ ಅರ್ಥವನ್ನು ಕೊಡುತ್ತವೆ.

* ಅಪ್: ಕ್ರಿಯೆ ಪೂರ್ಣಗೊಳ್ಳುವುದು. ‘ಈಟ್ ಅಪ್’ (ತಿಂದು ಮುಗಿಸು), ‘ಯೂಸ್ ಅಪ್’ (ಬಳಸಿ ಖಾಲಿಮಾಡು).
* ಆನ್: ಕ್ರಿಯೆ ಮುಂದುವರಿಯುವುದು. ‘ಕ್ಯಾರಿ ಆನ್’ (ಮುಂದುವರಿಸು), ‘ರೀಡ್ ಆನ್’ (ಮುಂದೆ ಓದು).
* ಆಫ್: ಬೇರ್ಪಡುವುದು. ‘ಕಟ್ ಆಫ್’ (ಕತ್ತರಿಸಿ ಬೇರೆಮಾಡು), ‘ಟೇಕ್ ಆಫ್’ (ಉಡುಪನ್ನು ಕಳಚು, ವಿಮಾನ ಮೇಲೇರು).

ಆದರೂ ‘ಪುಟ್ ಅಪ್ ವಿತ್’ ಮೊದಲಾದವುಗಳ ಅರ್ಥವನ್ನು ಹೀಗೆ ಊಹಿಸಲಾಗದು. ಅವುಗಳನ್ನು ಇಡಿಯಾಗಿಯೇ ಕಲಿಯಬೇಕು.

ಸಂಸ್ಕೃತ ಮತ್ತು ಕನ್ನಡದೊಡನೆ ಹೋಲಿಕೆ

ಸಂಸ್ಕೃತದಲ್ಲಿ ಉಪಸರ್ಗಗಳು ಇದೇ ಕಾರ್ಯವನ್ನು ಧಾತುವಿನ ಹಿಂದೆ ನಿಂತು ಮಾಡುತ್ತವೆ. ‘ಹೃ’ ಧಾತುವಿನಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬ ಶಬ್ದಗಳು ಹುಟ್ಟುವುದು ಪ್ರಸಿದ್ಧ ಉದಾಹರಣೆ. ಈ ಐದು ಶಬ್ದಗಳೂ ಕನ್ನಡದಲ್ಲಿ ಬಳಕೆಯಲ್ಲಿವೆ. ಒಂದರ ಅರ್ಥದಿಂದ ಇನ್ನೊಂದರ ಅರ್ಥವನ್ನು ಊಹಿಸಲಾಗದು.

ಕನ್ನಡದಲ್ಲಿ ಈ ಕಾರ್ಯವನ್ನು ಹೆಚ್ಚಾಗಿ ಎರಡನೆಯ ಕ್ರಿಯಾಪದವು ಮಾಡುತ್ತದೆ. ‘ನೋಡು’ ಎಂಬುದಕ್ಕೆ ‘ಕೊಳ್ಳು’ ಸೇರಿ ‘ನೋಡಿಕೊಳ್ಳು’ ಆದಾಗ ‘ಪಾಲನೆ ಮಾಡು’ ಎಂಬ ಅರ್ಥ ಬರುತ್ತದೆ. ‘ಲುಕ್’ ಎಂಬುದು ‘ಲುಕ್ ಆಫ್ಟರ್’ ಆಗುವುದೂ ಹೀಗೆಯೇ. ‘ಬಿಟ್ಟುಕೊಡು’, ‘ತೆಗೆದುಹಾಕು’ ಮುಂತಾದವು ಇದೇ ಜಾತಿಯವು. ಕನ್ನಡ ಮಾತೃಭಾಷೆಯವರು ‘ಬಿಟ್ಟುಕೊಡು’ ಎಂಬುದನ್ನು ಬಿಡಿಸಿ ಅರ್ಥಮಾಡುವುದಿಲ್ಲ. ಇಂಗ್ಲಿಷಿನಲ್ಲೂ ‘ಆಫ್ಟರ್ ಎಂದರೆ ನಂತರ’ ಎಂದು ಬಿಡಿಸಲು ಹೊರಟರೆ ಅರ್ಥ ಕೈತಪ್ಪುತ್ತದೆ.

ಸಾಮಾನ್ಯ ತಪ್ಪುಗಳು

ಕನ್ನಡದ ವಿಭಕ್ತಿ ಪ್ರತ್ಯಯ ಅಥವಾ ಅವ್ಯಯವನ್ನು ನೇರವಾಗಿ ಇಂಗ್ಲಿಷಿಗೆ ತರುವುದು ಹಲವು ತಪ್ಪುಗಳಿಗೆ ಕಾರಣ.

* ‘ವಿಷಯದ ಬಗ್ಗೆ ಚರ್ಚಿಸು’ ಎಂಬುದರಿಂದ ‘ಡಿಸ್ಕಸ್ ಅಬೌಟ್’ ಹುಟ್ಟುತ್ತದೆ. ‘ಡಿಸ್ಕಸ್’ಗೆ ಪ್ರಿಪೊಸಿಷನ್ ಬೇಕಿಲ್ಲ.
* ‘ಅವನ ಜೊತೆ ಮದುವೆಯಾದಳು’ ಎಂಬುದರಿಂದ ‘ಮ್ಯಾರೀಡ್ ವಿತ್ ಹಿಮ್’ ಬರುತ್ತದೆ. ‘ಮ್ಯಾರೀಡ್ ಹಿಮ್’ ಎಂದರೆ ಸಾಕು.
* ‘ಸಂಗೀತ ಕೇಳು’ ಎಂಬುದು ‘ಲಿಸನ್ ಮ್ಯೂಸಿಕ್’ ಆಗುತ್ತದೆ. ‘ಲಿಸನ್ ಟು ಮ್ಯೂಸಿಕ್’ ಸರಿ.
* ‘ಕೋಪ್ ಅಪ್ ವಿತ್’ ಎಂಬಲ್ಲಿ ‘ಅಪ್’ ಅನಗತ್ಯ. ‘ಕೋಪ್ ವಿತ್’ (ನಿಭಾಯಿಸು) ಸಾಕು.
* ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿನ ‘ಟು’ ಪ್ರಿಪೊಸಿಷನ್ ಆದುದರಿಂದ ನಂತರ ನಾಮರೂಪವೇ ಬರಬೇಕು. ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಸರಿ. ‘ಟು ಮೀಟ್ ಯು’ ತಪ್ಪು.

ಭಾರತದಲ್ಲಿ ‘ಪಾಸ್ ಔಟ್’ ಎಂಬುದನ್ನು ಪದವಿ ಮುಗಿಸು ಎಂಬ ಅರ್ಥದಲ್ಲಿ ಬಳಸುವುದು ರೂಢಿ. ಬ್ರಿಟನ್ನಿನಲ್ಲಿ ಸೈನಿಕ ತರಬೇತಿ ಮುಗಿಸುವುದಕ್ಕೆ ಈ ಪ್ರಯೋಗವಿದೆ. ಆದರೆ ಇದರ ಸಾಮಾನ್ಯ ಅರ್ಥ ಮೂರ್ಛೆ ಹೋಗು ಎಂದು. ಆದ್ದರಿಂದ ಹೊರದೇಶಕ್ಕೆ ಬರೆಯುವ ಅರ್ಜಿಗಳಲ್ಲಿ ‘ಗ್ರಾಜುಯೇಟೆಡ್’ ಎಂದು ಬರೆಯುವುದು ಸೂಕ್ತ.

ಬಳಕೆ ಮತ್ತು ಕಲಿಕೆ

1066ರ ನಾರ್ಮನ್ ವಿಜಯದ ಬಳಿಕ ಫ್ರೆಂಚ್ ಹಾಗೂ ಲ್ಯಾಟಿನ್ ಮೂಲದ ಶಬ್ದಗಳು ಇಂಗ್ಲಿಷಿಗೆ ವಿಪುಲವಾಗಿ ಬಂದುದರಿಂದ ಒಂದೇ ಅರ್ಥಕ್ಕೆ ಜೋಡಿ ಪದಗಳು ಉಳಿದಿವೆ: ‘ಪುಟ್ ಆಫ್’ ಮತ್ತು ‘ಪೋಸ್ಟ್‌ಪೋನ್’, ‘ಪುಟ್ ಅಪ್ ವಿತ್’ ಮತ್ತು ‘ಟಾಲರೇಟ್’. ಮಾತಿನಲ್ಲಿಯೂ ಆತ್ಮೀಯ ಬರವಣಿಗೆಯಲ್ಲಿಯೂ ಮೊದಲನೆಯವು ಹೆಚ್ಚು. ಕಚೇರಿ ಹಾಗೂ ಶಾಸ್ತ್ರೀಯ ಬರವಣಿಗೆಯಲ್ಲಿ ಎರಡನೆಯವು ಹೆಚ್ಚು. ಇಂಗ್ಲಿಷನ್ನು ಪುಸ್ತಕದಿಂದ ಕಲಿತವರಿಗೆ ‘ಪೋಸ್ಟ್‌ಪೋನ್’ ಸುಲಭವಾಗಿಯೂ, ಎರಡು ಚಿಕ್ಕ ಪದಗಳ ‘ಪುಟ್ ಆಫ್’ ಕಠಿಣವಾಗಿಯೂ ತೋರುವುದಕ್ಕೆ ಇದೇ ಕಾರಣ.

ನಿಘಂಟುಗಳಲ್ಲಿ ಇವುಗಳನ್ನು ಸಾಮಾನ್ಯವಾಗಿ ಮುಖ್ಯ ಕ್ರಿಯಾಪದದ ಕೆಳಗೆ ಕೊಟ್ಟಿರುತ್ತಾರೆ. ಕ್ರಿಯಾಪದ, ಅವ್ಯಯ ಮತ್ತು ಕರ್ಮಪದದ ಸ್ಥಾನ, ಈ ಮೂರನ್ನೂ ಒಂದು ಪೂರ್ಣ ವಾಕ್ಯದಲ್ಲಿ ಬರೆದುಕೊಂಡು ಕಲಿತರೆ ಬಳಸುವಾಗ ತಪ್ಪುವ ಸಂಭವ ಕಡಿಮೆ.